300 ವರ್ಷ ಎಣ್ಣೆ ಕಾಣದ ಕತ್ತಿ

ಕತ್ತಿವರಸೆ ಅಭ್ಯಾಸದ ಯಂತ್ರಗೊಂಬೆಯ ತಲೆ ಒಡೆದು ಬೀಳುತ್ತದೆ, ಒಳಗೊಂದು ಕತ್ತಿ ಕಾಣಿಸುತ್ತದೆ. ರಾಕ್ಷಸರನ್ನು ಬೇಟೆಯಾಡುವ ಹುಡುಗ ತಂಜಿರೊನೂ ಗೊಂಬೆ ನೋಡಿಕೊಳ್ಳುವ ಪುಟ್ಟ ಕೊತೆತ್ಸುವೂ ಹುಚ್ಚೆದ್ದು ಕುಣಿಯುತ್ತಾರೆ. 300 ವರ್ಷದ ಹಿಂದಿನ ಕತ್ತಿ, ಅದೂ ಹಿಂದಿನ ಕಾಲದ ಮಹಾ ಕತ್ತಿವೀರ ಯೊರಿಇಚಿಯ ರೂಪದ ಗೊಂಬೆಯೊಳಗೆ! ತೆಗಿ ತೆಗಿ ಎಂದು ಒರೆಯಿಂದ ಎಳೆದರೆ ಅಲಗಿನ ತುಂಬ ತುಕ್ಕು. ಇಬ್ಬರ ಮುಖವೂ ಜೋತು ಬೀಳುತ್ತದೆ, ನೋಡುವವರು ನಗುತ್ತಾರೆ, ಕತೆ ಮುಂದಕ್ಕೆ ಓಡುತ್ತದೆ. ಜಪಾನಿನ ಅನಿಮೇಶನ್ ಸರಣಿ ಡೀಮನ್ ಸ್ಲೇಯರ್‌ನ ಕತ್ತಿ ಕಮ್ಮಾರರ ಊರಿನ ಭಾಗ 2023ರ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರಸಾರವಾದಾಗ ಎಲ್ಲರೂ ನಕ್ಕ ಜಾಗ ಇದು. ಆದರೆ ಕಬ್ಬಿಣದ ಜೊತೆ ಸ್ವಲ್ಪವಾದರೂ ಏಗಿದವರಿಗೆ ಇಲ್ಲಿ ನಗು ಬರುವುದಿಲ್ಲ, ಮುಂದಿನ ಹತ್ತು ನಿಮಿಷದ ಕತೆ ತಲೆಗೆ ಹತ್ತುವುದೂ ಇಲ್ಲ. ಅಲ್ಲ, ಇದಕ್ಕೆ ಎಣ್ಣೆ ಹಚ್ಚಬೇಕಾಗಿದ್ದವರು ಯಾರು?

ಬರೆಯಲು ಕೂತದ್ದು ಯೊರಿಇಚಿ ತ್ಸುಗಿಕುನಿ ಬಿಟ್ಟುಹೋದ ಆಸ್ತಿಯ ಬಗ್ಗೆ. ಆಸ್ತಿ ಸಣ್ಣದಲ್ಲ. ನೀರು, ಬೆಂಕಿ, ಗಾಳಿ, ಬಂಡೆ, ಸಿಡಿಲು ಎಂದು ಹೆಸರಿಟ್ಟುಕೊಂಡ, ಉಸಿರು ಹಿಡಿದು ಆಡುವ ಕತ್ತಿವರಸೆಯ ಪಟ್ಟುಗಳೆಲ್ಲ ಅವನ ಸೂರ್ಯನ ಉಸಿರಾಟದಿಂದಲೇ ಕವಲೊಡೆದವು. ಇದ್ದಿಲು ಸುಡುವ ಕಮಾಡೊ ಮನೆತನಕ್ಕೆ, ಅಂದರೆ ತಂಜಿರೊನ ಮನೆತನಕ್ಕೆ, ಅವನ ಕಿವಿಯ ಓಲೆ ಹೋಯಿತು. ಅವನ ಪಟ್ಟುಗಳು ಅದೇ ಮನೆಯಲ್ಲಿ ಹೊಸ ವರ್ಷದ ಹೊತ್ತಿಗೆ ಇರುಳಿಡೀ ಕುಣಿಯುವ ಅಗ್ನಿದೇವರ ಕುಣಿತವಾಗಿ ಉಳಿದವು. ರಾಕ್ಷಸರ ದೊರೆ ಮುಜಾನನ ಮೈಯಲ್ಲಿ ಶತಮಾನ ಕಳೆದರೂ ಮಾಯದ ಗಾಯವೂ ಅವನದೇ ಕೊಡುಗೆ. ಇಷ್ಟನ್ನು ಬಿಟ್ಟು ಜನ ವಾದ ಮಾಡುವುದು ಯೊರಿಇಚಿ ಇವನನ್ನು ಹೊಡೆಯಬಲ್ಲನೇ, ಅವನನ್ನು ಹೊಡೆಯಬಲ್ಲನೇ ಎಂದು. 2025ರ ಸೆಪ್ಟೆಂಬರ್‌ನಲ್ಲಿ ಇದೇ ಸರಣಿಯ ಇನ್ಫಿನಿಟಿ ಕ್ಯಾಸಲ್ ಚಿತ್ರ ಭಾರತಕ್ಕೆ ಬಂದ ಮೇಲಂತೂ ಈ ವಾದಕ್ಕೆ ಕೊನೆಯೇ ಇಲ್ಲ. (ಚಿತ್ರ ಹಿಂದಿಯಲ್ಲಿ ಮಾತಾಡಿತು, ತಮಿಳಿನಲ್ಲಿ ಮಾತಾಡಿತು, ತೆಲುಗಿನಲ್ಲೂ ಮಾತಾಡಿತು. ಕನ್ನಡದವರು ಮಾತ್ರ ಎಂದಿನಂತೆ ಅಡಿಬರಹ ಓದಿಕೊಂಡರು. ಇರಲಿ, ಆ ಹೊಟ್ಟೆಯುರಿ ಬೇರೆಯೇ ಒಂದು ಪ್ರಬಂಧ.) ಆಸ್ತಿಯ ವಿಚಾರಕ್ಕೆ ಬರುತ್ತೇನೆ, ಮೊದಲು ಈ ತುಕ್ಕಿನ ಲೆಕ್ಕ ಮುಗಿಯಲಿ.

ಸಾಮಾನ್ಯದ ಹಳ್ಳಿಯಾಗಿದ್ದರೆ ಕ್ಷಮಿಸಿಬಿಡಬಹುದಿತ್ತು. ಅಲ್ಲಿ ಊರಿಗೆ ಊರೇ ಕತ್ತಿ ಕಮ್ಮಾರರು. ಒಲೆ ಊದುವವನ ಹಾಗೆ ಬಾಯಿ ಚೂಪು ಮಾಡಿದ ಹ್ಯೊತ್ತೊಕೊ ಮುಖವಾಡ ತೊಟ್ಟು ಹಗಲಿರುಳು ಕುಲುಮೆಯ ಮುಂದೆಯೇ ಬದುಕುವವರು. ಅವರಲ್ಲಿ ಹಗಾನೆಜುಕಾ ಎಂಬವನಿದ್ದಾನಲ್ಲ, ತಾನು ಮಾಡಿಕೊಟ್ಟ ಕತ್ತಿ ಮುರಿದುಕೊಂಡು ಬಂದನೆಂದು ತಂಜಿರೊನನ್ನು ಅಡುಗೆಮನೆಯ ಚಾಕು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾನೆ. ಯುದ್ಧದಲ್ಲಿ ಮುರಿದ ಕತ್ತಿಗೆ ಇಷ್ಟು ಕೋಪ. ಊರ ಪಕ್ಕದ ಕಾಡಿನಲ್ಲಿ, ಗೊಂಬೆಯ ಹೊಟ್ಟೆಯೊಳಗೆ ಕತ್ತಿಯೊಂದು ತುಕ್ಕು ತಿನ್ನುತ್ತಾ ಕೂತಿದ್ದಕ್ಕೆ ಯಾರ ಕೋಪವೂ ಇಲ್ಲ. ಒಳಗೆ ಕತ್ತಿ ಇದೆಯೆಂದು ಗೊತ್ತಿರಲಿಲ್ಲ ಎನ್ನಬಹುದು. ಇಟ್ಟವನಿಗೆ ಗೊತ್ತಿತ್ತಲ್ಲ! ಎರಡು ಕೈಯಲ್ಲಿ ಯೊರಿಇಚಿಯ ವೇಗ ಹಿಡಿಯಲಾಗದೆಂದು ಆರು ಕೈ ಜೋಡಿಸಿ, 108 ಚಲನೆ ತುಂಬಿಸುವಷ್ಟು ತಾಳ್ಮೆ ಇದ್ದ ಮಹಾನುಭಾವ ಮಗನಿಗೊಂದು ಚೀಟಿ ಬರೆದಿಡಲಿಲ್ಲ. ಗೊಂಬೆಯ ಕೀಲು ನೋಡಿಕೊಳ್ಳುವ ಕೆಲಸ ತಂದೆಯಿಂದ ಮಗನಿಗೆ ಇಳಿಯುತ್ತಾ ಬಂತು, ಎಣ್ಣೆಯ ಬಾಟಲಿ ಇಳಿಯಲಿಲ್ಲ.

ಜಪಾನಿನ ಕತ್ತಿಯ ಆರೈಕೆ ಬ್ರಹ್ಮವಿದ್ಯೆಯಲ್ಲ. ಬೇಕಾದ ಸಾಮಾನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ: ಹಿತ್ತಾಳೆಯ ಚಿಕ್ಕ ಸುತ್ತಿಗೆ, ಕೈಯಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡಿದ ವಾಶಿ ಎಂಬ ಜಪಾನಿ ಕಾಗದ, ರೇಷ್ಮೆ ಬಟ್ಟೆಯಲ್ಲಿ ಉಂಡೆ ಕಟ್ಟಿದ ಸಾಣೆಕಲ್ಲಿನ ನಯವಾದ ಪುಡಿ, ಒಂದು ಶೀಸೆ ಎಣ್ಣೆ. ಎಣ್ಣೆಗೆ ಚೋಜಿ ಎಂದು ಹೆಸರು, ಅಂದರೆ ನಮ್ಮ ಲವಂಗವೇ. ಕತ್ತಿಯ ಬಾಯಿ ಮೇಲೆ ಬರುವಂತೆ ಹಿಡಿದು, ಬೆನ್ನನ್ನು ಒರೆಯ ಮೇಲೆ ಜಾರಿಸುತ್ತಾ ಒಂದೇ ಸಮನೆ ಹೊರಗೆ ತೆಗೆಯಬೇಕು. ಹಿಡಿಗೂ ಅಲಗಿಗೂ ಇರುವ ನಂಟು ಬಿದಿರಿನ ಒಂದು ಸಣ್ಣ ಗೂಟ, ಮೆಕುಗಿ. ಸುತ್ತಿಗೆಯಿಂದ ಅದನ್ನು ತಳ್ಳಿ ತೆಗೆದು, ಎಡಗೈಯಲ್ಲಿ ಕತ್ತಿಯನ್ನು ಓರೆಯಾಗಿ ನಿಲ್ಲಿಸಿ, ಆ ಎಡಗೈಯ ಮಣಿಕಟ್ಟಿನ ಮೇಲೆ ಬಲಗೈ ಮುಷ್ಟಿಯಿಂದ ಮೆಲ್ಲಗೆ ಗುದ್ದಿದರೆ ಅಲಗು ಹಿಡಿಯಿಂದ ಸಡಿಲುತ್ತದೆ. ಒರೆಸುವಾಗ ಕಾಗದ ಯಾವಾಗಲೂ ಬೆನ್ನಿನ ಕಡೆಯಿಂದ ಮಡಚಿಕೊಂಡು ಬರಬೇಕು, ಬುಡದಿಂದ ತುದಿಗೆ ಹೋಗಬೇಕು. ತುದಿಯಿಂದ ಬುಡಕ್ಕೆ ಎಳೆದವರ ಬೆರಳಿಗೆ ಯಾರೂ ಹೊಣೆಯಲ್ಲ. ಹಳೆಯ ಎಣ್ಣೆ ಒರೆಸಿ, ಪುಡಿಯ ಉಂಡೆಯಿಂದ ಅಲ್ಲಲ್ಲಿ ತಟ್ಟಿ, ಬೇರೆ ಕಾಗದದಿಂದ ಮತ್ತೆ ಒರೆಸಿ, ಹೊಸ ಎಣ್ಣೆ ಸವರಿದರೆ ಮುಗಿಯಿತು. ಇದೆಲ್ಲ ಅರ್ಧ ಗಂಟೆಯ ಕೆಲಸ. ಕೆಲವು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಹೊಸದಾಗಿ ಸಾಣೆ ಹಿಡಿಸಿದ ಕತ್ತಿಗೆ ಮಾತ್ರ ಮೊದಮೊದಲು ಬೇಗ ಬೇಗ ಬೇಕು.

ಎಣ್ಣೆ ಎಷ್ಟು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಸವರುತ್ತೇವಲ್ಲ, ಅಷ್ಟು. ತೊಟ್ಟಿಕ್ಕುವಷ್ಟು ಹಚ್ಚಿದರೆ ಅದು ಒರೆಯೊಳಗೆ ಇಳಿದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಪ್ರತಿಸಲ ಕತ್ತಿ ಹಿರಿದಾಗಲೂ ಗೀರು ಬೀಳುತ್ತದೆ. ಬರಿಗೈಯಲ್ಲಿ ಅಲಗು ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗಿ ಕೂರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬರಿಯ ಅಲಗು ನೋಡುವಾಗ ಮಾತೇ ಆಡಬಾರದೆಂಬ ಶಿಸ್ತು ಬಂದದ್ದೂ ಇದಕ್ಕೇ, ಎಂಜಲು ಹಾರಿದರೂ ಸಾಕು. ಬಾಯಿಗೆ ಕಾಗದ ಕಚ್ಚಿಕೊಂಡು ಕತ್ತಿ ನೋಡುವವರಿದ್ದಾರೆ. ಇತ್ತ ತಂಜಿರೊ ಮತ್ತು ಕೊತೆತ್ಸು ಆ ಕತ್ತಿಯ ಮೇಲೆ ಬಗ್ಗಿ ಕಿರುಚುವುದನ್ನು ನೋಡಬೇಕು.

ಅವರು ಎಳೆದ ರೀತಿಗೂ ನನ್ನ ತಕರಾರಿದೆ. ಅಷ್ಟು ತುಕ್ಕು ಹಿಡಿದ ಅಲಗು ಒರೆಯ ಮರವನ್ನು ಕಚ್ಚಿಕೊಂಡಿರುತ್ತದೆ. ಬಲ ಹಾಕಿ ಎಳೆದರೆ ತುಕ್ಕಿನ ಹರಳು ಒಳ್ಳೆಯ ಕಬ್ಬಿಣವನ್ನೂ ಗೀಚುತ್ತದೆ, ಕೆಲವೊಮ್ಮೆ ಒರೆ ಸೀಳಿ ಅಂಗೈಯೇ ಕೊಯ್ದುಹೋಗುತ್ತದೆ. ಹಿಂದಿನವರು ಇದಕ್ಕೆ ದಾರಿ ಮಾಡಿಟ್ಟಿದ್ದರು. ಒರೆಯನ್ನು ಹೊ ಎಂಬ ಮರದಿಂದ ಮಾಡುತ್ತಾರೆ, ಸಂಪಿಗೆಯ ಹತ್ತಿರದ ನೆಂಟ. ಮೆದು, ಅಂಟು ಕಡಿಮೆ, ವರ್ಷಗಟ್ಟಲೆ ಒಣಗಿಸಿದ್ದು. ಎರಡು ಹೋಳು ಕೊರೆದು ಜೋಡಿಸುವಾಗ ಹಾಕುವ ಅಂಟು ಅನ್ನದ್ದು. ಬೆಂದ ಅನ್ನವನ್ನು ಮರದ ಹಲಗೆಯ ಮೇಲೆ ಅರೆದರೆ ಸಿಗುವ ಅದೇ ಗೋಂದು. ಗಟ್ಟಿ ಅಂಟು ಸಿಗದೆ ಹಾಕಿದ್ದಲ್ಲ. ಬೇಕೆಂದಾಗ ಒರೆಯನ್ನು ಬೆಸುಗೆಯಲ್ಲಿ ಬಿಡಿಸಿ, ಒಳಗಿನ ಕೊಳೆ ಕೆರೆದು, ಮತ್ತೆ ಅನ್ನ ಹಚ್ಚಿ ಮುಚ್ಚಲೆಂದೇ ಹಾಕಿದ್ದು. ಬಹುಕಾಲ ಇಡುವ ಕತ್ತಿಗೆ ಮೆರುಗು ಬಳಿಯದ ಬಿಳಿ ಮರದ ಒರೆ ತೊಡಿಸುವುದೂ ರೂಢಿ, ಅದು ಹವೆಯ ತೇವಕ್ಕೆ ಉಸಿರಾಡುತ್ತದೆ. ಗೊಂಬೆಯೊಳಗಿನ ಒರೆಯನ್ನು ಬಿಡಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸರಿ, ತುಕ್ಕು ಹಿಡಿಯಿತು. ಈಗ ಸಾಣೆ. ಹಗಾನೆಜುಕಾ ಕಾಡಿನಿಂದ ದಿಢೀರನೆ ಎದ್ದು ಬಂದು ಕತ್ತಿ ಕಿತ್ತುಕೊಂಡು, ತನ್ನ ಮನೆತನದ ವಿದ್ಯೆಯಿಂದ ಮೂರು ಹಗಲು ಮೂರು ರಾತ್ರಿ ಉಜ್ಜಲು ಕೂರುತ್ತಾನೆ. ಮನೆತನದ ವಿದ್ಯೆ ಇರಬಹುದು, ಆದರೂ ಮೂರು ದಿನವೇ? ತುಕ್ಕಿಲ್ಲದ ಕತ್ತಿಗೇ ಒಬ್ಬ ನುರಿತ ಸಾಣೆಗಾರ ವಾರಗಟ್ಟಲೆ ಕೂರುತ್ತಾನೆ. ತಗ್ಗಾದ ಮಣೆ, ಮುಂದಕ್ಕೆ ಇಳಿಜಾರಾದ ಹಲಗೆಯ ಮೇಲೆ ಕಲ್ಲು, ಆ ಕಲ್ಲನ್ನು ಅಲುಗದಂತೆ ಅದುಮುವ ಬಾಗಿದ ಮರದ ಮೇಲೆ ಬಲಗಾಲು. ಪಕ್ಕದಲ್ಲಿ ನೀರಿನ ಬಾನಿ. ಉಜ್ಜುತ್ತಿರುವಾಗಲೇ ತುಕ್ಕು ಹತ್ತದಿರಲೆಂದು ಆ ನೀರಿಗೆ ಒಂದಿಷ್ಟು ಕ್ಷಾರ. ಹೆಚ್ಚು ತುಕ್ಕಿದ್ದರೆ ಒರಟು ಕಲ್ಲಿನಿಂದ ಶುರು. ಆಮೇಲೆ ಒಂದಕ್ಕಿಂತ ಒಂದು ನಯವಾದ ಕಲ್ಲುಗಳು: ಬಿನ್ಸುಯಿ, ಕೈಸೆಯಿ, ಚೂ-ನಗುರ, ಕೊಮ-ನಗುರ, ಕೊನೆಗೆ ಕ್ಯೋಟೊ ಕಡೆಯ ಉಚಿಗುಮೊರಿ. ಒಂದೊಂದು ಕಲ್ಲಿಗೂ ಅಲಗು ಓಡಿಸುವ ಕೋನ ಬೇರೆ. ಹಿಂದಿನ ಕಲ್ಲಿನ ಗೀರು ಅಡ್ಡಡ್ಡ ಇದ್ದರೆ ಈಗಿನದು ಓರೆ, ಅದರ ಮುಂದಿನದು ಉದ್ದುದ್ದ. ಹೀಗಾಗಿ ಹಳೆಯ ಗೀರು ಒಂದು ಉಳಿದರೂ ಎದ್ದು ಕಾಣುತ್ತದೆ. ಉಳಿದದ್ದನ್ನು ನೋಡದೆ ಮುಂದಿನ ಕಲ್ಲಿಗೆ ಹಾರಿದವನು ಕೊನೆಯ ಹಂತದಲ್ಲಿ, ಬೆಳಕಿಗೆ ಹಿಡಿದಾಗ ಅದನ್ನು ಕಂಡು ಮೂರು ಕಲ್ಲು ಹಿಂದಕ್ಕೆ ಹೋಗಬೇಕು.

ತುಕ್ಕಿನ ನಿಜವಾದ ಕಷ್ಟ ಗುಳಿ. ಅದು ಸೂಜಿಮೊನೆಯಷ್ಟೇ ಇರಬಹುದು, ಆದರೆ ಅಲ್ಲಿಗಷ್ಟೇ ಉಜ್ಜಿ ತೆಗೆಯುವ ಹಾಗಿಲ್ಲ. ಹಾಗೆ ಮಾಡಿದರೆ ಅಲಗಿನಲ್ಲಿ ತಗ್ಗು ಬಿದ್ದು ಬೆಳಕು ಡೊಂಕಾಗಿ ಹರಿಯುತ್ತದೆ. ಗುಳಿಯ ಆಳದಷ್ಟೂ ಇಡೀ ಮೈಯನ್ನೇ ಇಳಿಸಬೇಕು, ಎರಡೂ ಬದಿ, ಬೆನ್ನಿನ ಏಣು ಮೊಂಡಾಗದ ಹಾಗೆ. ಇಳಿಸಲು ಅಲ್ಲಿ ಎಷ್ಟಿದೆ ಮಹಾ? ಬಹುಪಾಲು ಕತ್ತಿಗಳಲ್ಲಿ ಹೊರಗಿನ ಗಡಸು ಉಕ್ಕು ತೆಳುವಾದ ಚರ್ಮ, ಒಳಗಿರುವುದು ಮೆದು ಕಬ್ಬಿಣ. ಹೆಚ್ಚು ಸಲ ಸಾಣೆ ಕಂಡ ಕತ್ತಿಯಲ್ಲಿ ಆ ಒಳಗಿನ ಕಬ್ಬಿಣ ಮಂಕಾದ ತೇಪೆಯಾಗಿ ಮೇಲೆದ್ದು ಬರುತ್ತದೆ. ಬಂದರೆ ಬಂತು, ಅದಕ್ಕೆ ಮದ್ದಿಲ್ಲ. ಇಷ್ಟೆಲ್ಲ ಯಾಕೆ, ಮೋಟರ್ ಸಾಣೆಗೆ ಕೊಟ್ಟರಾಯಿತು ಎನ್ನುವ ಬುದ್ಧಿವಂತರೂ ಇದ್ದಾರೆ. ಆ ಬಿಸಿಗೆ ಬಾಯಿಯ ಹದ ಇಳಿದು ಕತ್ತಿ ಗೋಡೆಗೆ ನೇತುಹಾಕಲಷ್ಟೇ ಲಾಯಕ್ಕಾಗುತ್ತದೆ. ಕಲ್ಲುಗಳಾದ ಮೇಲೆ ಬೆರಳಿನ ಕೆಲಸ. ಉಚಿಗುಮೊರಿಯನ್ನು ಕಾಗದದಷ್ಟು ತೆಳುವಾಗಿ ಸೀಳಿ, ಬೆನ್ನಿಗೆ ವಾಶಿ ಅಂಟಿಸಿ, ಉಗುರಿನಷ್ಟು ಚೂರು ಮಾಡಿ ಹೆಬ್ಬೆರಳಡಿ ಇಟ್ಟು ತಿಕ್ಕುವುದು. ಕೊನೆಗೆ ಮೈಗೆ ಕಪ್ಪು ಹೊಳಪು ಕೊಡಲು ಎಣ್ಣೆಯಲ್ಲಿ ಕಲಸಿ ಸೋಸಿದ ಪುಡಿ ಹಚ್ಚುತ್ತಾರೆ. ಅದು ಏನೆಂದುಕೊಂಡಿರಿ? ಕಮ್ಮಾರನ ಬಡಿಗಲ್ಲಿನ ಸುತ್ತ ಉದುರಿದ ಕಬ್ಬಿಣದ ಸಿಪ್ಪೆ, ನುಣ್ಣಗೆ ಅರೆದದ್ದು. ತುಕ್ಕಿನ ದಾಯಾದಿಯೇ! ಒಬ್ಬನನ್ನು ಓಡಿಸಲು ಅಷ್ಟು ದಿನ ಬೆನ್ನು ಮುರಿದುಕೊಂಡು, ಕೊನೆಗೆ ಅವನ ಅಣ್ಣನನ್ನು ಕರೆದು ಮಣೆ ಹಾಕಿದ ಹಾಗೆ.

ಇಷ್ಟು ತಿಳಿದವರಿಗೆ ಗ್ಯೊಕ್ಕೊ ಎಂಬ ರಾಕ್ಷಸ ಬಂದು ಹಗಾನೆಜುಕಾನ ಮೈ ಸೀಳುವಾಗ, ಒಂದು ಕಣ್ಣೇ ಹೋದಾಗ, ಅವನು ತಲೆ ಎತ್ತದೆ ಉಜ್ಜುತ್ತಲೇ ಇರುವುದು ಅತಿಶಯ ಅನ್ನಿಸುವುದಿಲ್ಲ. ಸಾಣೆಗಾರರಿಗೆ ಬಾಗಿಲು ತಟ್ಟಿದ್ದೇ ಕೇಳಿಸುವುದಿಲ್ಲ. ನನ್ನ ಸಿಟ್ಟು ಬೇರೆ ಕಡೆ: ಮೊದಲ ಹಂತ ಮುಗಿಯುತ್ತಿದ್ದಂತೆ ಆ ಕತ್ತಿಯನ್ನು ಅವನ ಕೈಯಿಂದ ಕಿತ್ತು ಯುದ್ಧಕ್ಕೆ ಒಯ್ದರಲ್ಲ! ಪ್ರಾಣ ಉಳಿಯಬೇಕಿತ್ತು, ಒಪ್ಪೋಣ. ಆದರೆ ಒರಟು ಕಲ್ಲಿನ ಗೀರು ತುಂಬಿದ ಅಲಗಿಗೆ ರಾಕ್ಷಸನ ರಕ್ತ ಮೆತ್ತಿಕೊಂಡರೆ ಅದು ಗೀರಿನ ಸಂದಿಯಲ್ಲಿ ಕೂತು ಗಂಟೆಯೊಳಗೆ ಕೆಂಪಾಗುತ್ತದೆ. ಕುತ್ತಿಗೆ ಕಡಿದ ಕೂಡಲೇ ಯಾರಾದರೂ ಒರೆಸಿದರೇ? ಎಲ್ಲರೂ ಅಪ್ಪಿಕೊಂಡು ಅಳುತ್ತಿದ್ದರು. ರಾಕ್ಷಸಿಯಾಗಿದ್ದ ತಂಜಿರೊನ ತಂಗಿ ನೆಜುಕೊ ಬೆಳಗಿನ ಬಿಸಿಲಿಗೂ ಸುಟ್ಟುಹೋಗದೆ ಎದ್ದು ನಿಂತಿದ್ದಳು, ಅಳು ಸಹಜವೇ. ಕತ್ತಿ ನೆಲದ ಮೇಲೆ ಬಿದ್ದಿತ್ತು.

ಕತೆ ನಡೆಯುವುದು 20ನೇ ಶತಮಾನದ ಆರಂಭದಲ್ಲಿ, ಆ ಕಾಲದ ಲೆಕ್ಕದಲ್ಲಿ ಈ ಮಕ್ಕಳು ಕತ್ತಿ ಸೊಂಟಕ್ಕೆ ಕಟ್ಟುವುದೇ ಅಪರಾಧ. 1876ರಲ್ಲೇ ಸರ್ಕಾರ ಕತ್ತಿ ಧರಿಸುವುದನ್ನು ನಿಷೇಧಿಸಿತ್ತು. ಕತೆಯಲ್ಲಿ ಇವರು ಮುಗೆನ್ ಎಂಬ ರೈಲು ಹತ್ತುವ ಮುಂಚೆ ಪೊಲೀಸರು ಸೀಟಿ ಊದಿಕೊಂಡು ಬೆನ್ನಟ್ಟುವುದು ಅದಕ್ಕೇ. ಈಗಿನ ಜಪಾನಿನಲ್ಲಿ ಧರಿಸುವುದಿರಲಿ, ಮನೆಯಲ್ಲಿ ಇಡಲೂ ಕಾಗದ ಬೇಕು. 1958ರ ಕಾನೂನು. ಅಜ್ಜನ ಅಟ್ಟದಲ್ಲೋ ಗೊಂಬೆಯ ಹೊಟ್ಟೆಯಲ್ಲೋ ಕತ್ತಿ ಸಿಕ್ಕಿದರೆ ಮೊದಲು ಪೊಲೀಸ್ ಠಾಣೆಗೆ ತಿಳಿಸಬೇಕು, ಅವರು ಕೊಟ್ಟ ಚೀಟಿ ಹಿಡಿದು ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ ನಡೆಸುವ ಪರೀಕ್ಷೆಗೆ ಒಯ್ಯಬೇಕು. ಒಯ್ಯುವ ಮುಂಚೆ ಚೆನ್ನಾಗಿ ಕಾಣಲೆಂದು ಮರಳುಕಾಗದ ಹಾಕಿ ಉಜ್ಜುವವರಿದ್ದಾರೆ, ಅಂಥವರಿಗೆ ಏನು ಹೇಳಬೇಕೋ ತಿಳಿಯದು. ಅದರಲ್ಲೂ ಹಿಡಿಯೊಳಗೆ ಅಡಗಿರುವ ಬಾಲದ ಕಪ್ಪು ತುಕ್ಕನ್ನು ಕೆರೆದರಂತೂ ಮುಗಿಯಿತು. ಕತ್ತಿಯಲ್ಲಿ ಮುಟ್ಟಬಾರದ ತುಕ್ಕು ಅದೊಂದೇ, ಅದರ ಬಣ್ಣ ನೋಡಿಯೇ ವಯಸ್ಸು ಅಂದಾಜು ಮಾಡುವುದು. ಪರೀಕ್ಷಕರು ಬಾಲ ಬಿಚ್ಚಿ ನೋಡಿ ಬರೆದುಕೊಳ್ಳುತ್ತಾರೆ: ಯಾವ ಬಗೆಯದು, ಉದ್ದ ಎಷ್ಟು, ಬಾಗು ಎಷ್ಟು, ಗೂಟದ ತೂತು ಎಷ್ಟು, ಹೆಸರು ಕೆತ್ತಿದೆಯೇ. ಹಿಂದೆ ಯಾರು ಹಿಡಿದಿದ್ದರು, ಎಷ್ಟು ರಾಕ್ಷಸರನ್ನು ಕಡಿದರು ಎಂಬುದಕ್ಕೆ ಆ ಪತ್ರದಲ್ಲಿ ಜಾಗವಿಲ್ಲ. ಶುಲ್ಕ 6,300 ಯೆನ್.