ಐವತ್ತು ಪೌಂಡಿಗೆ ಒಂದು ಬಂಡೆ

ಫೋನ್ ಮುಟ್ಟಿದರೆ ಸಾಕು, ಅದೇ ಜಾಹೀರಾತು. ನಿಮ್ಮ ಪ್ರೀತಿಪಾತ್ರರ ಹೆಸರನ್ನು ನಕ್ಷತ್ರಕ್ಕೆ ಇಡಿ, ಫ್ರೇಮ್ ಹಾಕಿದ ಸರ್ಟಿಫಿಕೇಟ್ ಮನೆ ಬಾಗಿಲಿಗೆ! ಡೆಲಿವರಿ ಫ್ರೀ. ನಕ್ಷತ್ರದ್ದಲ್ಲ, ಫ್ರೇಮಿನದು. ಆಕಾಶದಲ್ಲಿ ನಾಮಕರಣದ ಪುರೋಹಿತಿಕೆ ಇರುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟಕ್ಕೆ. ಅದು ಈ ಸರ್ಟಿಫಿಕೇಟಿಗೆ ಕ್ಯಾರೇ ಅನ್ನುವುದಿಲ್ಲ. ಆದರೂ ವ್ಯಾಪಾರ ಜೋರಾಗಿದೆ. ವೆಡ್ಡಿಂಗ್ ಆನಿವರ್ಸರಿಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಗಂಡಸರಿಗೆ ಬೇರೆ ಯಾವ ಅಂಗಡಿ ತೆರೆದಿರುತ್ತದೆ ಹೇಳಿ.

ಇಂಥ ಗಂಡಂದಿರ ಮೂಲಪುರುಷ ವಿಯೆನ್ನಾದ ಬ್ಯಾಂಕರ್ ಬ್ಯಾರನ್ ಆಲ್ಬರ್ಟ್ ರಾತ್ಸ್‌ಚೈಲ್ಡ್. ಅವನಿಗೆ ಸಿಕ್ಕಿದ್ದು ಮಾತ್ರ ಅಸಲಿ ಮಾಲು. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಬಂಡೆಗಳ, ಅಂದರೆ ಕ್ಷುದ್ರಗ್ರಹಗಳ, ಪಟ್ಟಿಯಲ್ಲಿ 250ನೆಯದನ್ನು 1885ರಲ್ಲಿ ಖಗೋಳಜ್ಞ ಯೋಹಾನ್ ಪಲೀಸಾ ಕಂಡುಹಿಡಿದ. ಹೆಸರಿಡುವ ಹಕ್ಕಿಗೆ 50 ಪೌಂಡ್ ಬೆಲೆ ಕಟ್ಟಿದ. ಬ್ಯಾರನ್ ದುಡ್ಡು ಕೊಟ್ಟ. ಹೆಂಡತಿಯ ಹೆಸರು ಆಕಾಶಕ್ಕೇರಿತು: ಬೆಟ್ಟಿನಾ. ಅಂದ ಹಾಗೆ, ಇದೇ ಪಲೀಸಾ ಅದಕ್ಕೂ ಮೊದಲು ಕಂಡ 244ನೆಯ ಬಂಡೆಗೆ ನಮ್ಮ ಸೀತೆಯ ಹೆಸರಿದೆ. ಹಾಗಾಗಿ ಅಲ್ಲಿ ಸೀತಮ್ಮನೇ ಸೀನಿಯರ್.

ಮುಂದೆ ಬ್ಯಾರನ್‌ಗೂ ಒಂದು ಬಂಡೆ ಸಿಕ್ಕಿತು. 1911ರಲ್ಲಿ ಪಲೀಸಾ ಕಂಡ 719ಕ್ಕೆ ಆಲ್ಬರ್ಟ್ ಎಂದೇ ಹೆಸರು. ಬೆಟ್ಟಿನಾ ಹತ್ತಾರು ಕಿಲೋಮೀಟರ್ ಅಗಲದ ಗಟ್ಟಿ ಕುಳ, ತನ್ನ ದಾರಿ ಬಿಟ್ಟು ಕದಲಿದವಳಲ್ಲ. ಆಲ್ಬರ್ಟ್ ಎರಡು ಮೂರು ಕಿಲೋಮೀಟರಿನ ಪುಡಿಗಲ್ಲು. ನಾಮಕರಣ ಮುಗಿದದ್ದೇ ತಡ, ಪರಾರಿ! ಹುಡುಕಿ ಹುಡುಕಿ ಸುಸ್ತಾದರು. ಸಿಕ್ಕಿದ್ದು 2000ದಲ್ಲಿ. 89 ವರ್ಷ ಎಲ್ಲಿಗೆ ಹೋಗಿದ್ದಿರಿ ಅಂತ ಬೆಟ್ಟಿನಾ ಕೇಳಿದ್ದರೆ ಏನು ಹೇಳುತ್ತಿದ್ದನೋ.

ಪಲೀಸಾಗೆ ಆ 50 ಪೌಂಡ್ ಯಾಕೆ ಬೇಕಿತ್ತು? ಹೆಂಡತಿಗೆ ಒಡವೆ ಮಾಡಿಸಲಿಕ್ಕಲ್ಲ. 1886ರ ಆಗಸ್ಟ್‌ನಲ್ಲಿ ಪೂರ್ಣ ಸೂರ್ಯಗ್ರಹಣ ಇತ್ತು. ಅದನ್ನು ನೋಡಿ ಅಧ್ಯಯನ ಮಾಡಲು ಹೋಗುವ ಖರ್ಚಿಗೆ. ಅವನೇನು ಹಳ್ಳಿ ಮೂಲೆಯ ಹವ್ಯಾಸಿಯೂ ಅಲ್ಲ. ಬರೀ ದುರ್ಬೀನಿಗೆ ಕಣ್ಣಿಟ್ಟು, ಫೋಟೋದ ಹಂಗಿಲ್ಲದೆ, ಒಟ್ಟು 122 ಕ್ಷುದ್ರಗ್ರಹ ಹಿಡಿದವನು. ಅವನು ಕೆಲಸಕ್ಕಿದ್ದ ವಿಯೆನ್ನಾದ ಹೊಸ ವೀಕ್ಷಣಾಲಯವನ್ನು ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ 1883ರಲ್ಲಿ ಖುದ್ದು ಬಂದು ಉದ್ಘಾಟಿಸಿದ್ದ. ಒಳಗಿದ್ದದ್ದು 27 ಇಂಚಿನ ಮಸೂರದ ದುರ್ಬೀನು, ಆ ಕಾಲಕ್ಕೆ ಅಂಥದ್ದರಲ್ಲಿ ಜಗತ್ತಿಗೇ ದೊಡ್ಡದು. ಆಹಾ, ಎಂಥ ವಿಜ್ಞಾನಪ್ರೇಮ! ಎರಡೇ ವರ್ಷಕ್ಕೆ ಆ ದುರ್ಬೀನಿನ ಹಿಂದೆ ನಿಂತವನು ತಾನು ಕಂಡದ್ದನ್ನು ಮಾರಿ ದಾರಿಖರ್ಚು ಹೊಂದಿಸಬೇಕಾಯಿತು.

ಇಲ್ಲಿಗೆ ಬಂದಾಗ ನನಗೆ ನಗು ಬರಲಿಲ್ಲ. ಕಟ್ಟಡಕ್ಕೆ ದುಡ್ಡಿದೆ, ಉದ್ಘಾಟನೆಗೆ ದುಡ್ಡಿದೆ, ಕೆಲಸ ಮಾಡುವವನು ಕೇಳಿದರೆ ಮಾತ್ರ ಬಜೆಟ್ ಇಲ್ಲ. ಸಾಮ್ರಾಜ್ಯವೇ ಹೋಯಿತು, ಈ ಚಾಳಿ ಹೋಗಲಿಲ್ಲ. ನೋಡಿ ನೋಡಿ ಸಾಕಾಗಿದೆ.

ಇರಲಿ, ಬೆಕ್ಕಿನ ವಿಷಯಕ್ಕೆ ಬರೋಣ. 1971ರಲ್ಲಿ ಅರ್ಜೆಂಟೀನಾದ ಎಲ್ ಲಿಯೊನ್ಸಿಟೋದಲ್ಲಿ ಜೇಮ್ಸ್ ಗಿಬ್ಸನ್ ಒಂದು ಬಂಡೆ ಕಂಡ. ಅದೇ 2309. ಹೆಸರಿಟ್ಟದ್ದು ಮಿಸ್ಟರ್ ಸ್ಪಾಕ್. ಸ್ಟಾರ್ ಟ್ರೆಕ್ ಎಂಬ ಟೀವಿ ಧಾರಾವಾಹಿಯ ಸ್ಪಾಕ್ ಅಲ್ಲ, ಆ ಸ್ಪಾಕ್‌ನ ಹೆಸರು ಹೊತ್ತ ಅವರ ಮನೆಯ ಬೆಕ್ಕು! ಕ್ಯಾಲಿಫೋರ್ನಿಯಾದ ಬೆಕ್ಕಿನ ಪ್ರದರ್ಶನದಲ್ಲಿ ತಾನೇ ಗಿಬ್ಸನ್ ಜೋಡಿಯನ್ನು ಆರಿಸಿಕೊಂಡು, ದಕ್ಷಿಣ ಆಫ್ರಿಕಾ ಸುತ್ತಿ, ಅರ್ಜೆಂಟೀನಾದಲ್ಲಿ ಬೇಟೆಯಾಡಿಕೊಂಡಿದ್ದ ಬೆಕ್ಕು ಅಂತ ನಾಮಕರಣದ ಟಿಪ್ಪಣಿಯೇ ಹೇಳುತ್ತದೆ. ದೊಡ್ಡವರಿಗೆ ಇರಿಸುಮುರಿಸಾಯಿತು. ಇನ್ನು ಸಾಕುಪ್ರಾಣಿಗಳ ಹೆಸರು ತರಬೇಡಿ ಎಂದು ಒಕ್ಕೂಟ ಹೇಳಿತು. ಆಕಾಶದ ಮರ್ಯಾದೆ ಉಳಿಯಿತು, ಅಲ್ವಾ? 1902ರಲ್ಲಿ ಹೈಡೆಲ್‌ಬರ್ಗಿನ ಮ್ಯಾಕ್ಸ್ ವೂಲ್ಫ್ ಕಂಡು ತನ್ನ ಎರಡು ನಾಯಿಗಳ ಹೆಸರಿಟ್ಟ 482 ಪೆಟ್ರಿನಾ, 483 ಸೆಪ್ಪಿನಾ ಈಗಲೂ ಹಾಯಾಗಿ ಸುತ್ತುತ್ತಿವೆ. 9007ಕ್ಕೆ ಜೇಮ್ಸ್ ಬಾಂಡ್ ಎಂಬ ಹೆಸರಿದೆ, ನಂಬರ್ ನೋಡಿ ಇಟ್ಟದ್ದು. ಆಗ ಯಾರ ಮರ್ಯಾದೆಯೂ ಹೋಗಲಿಲ್ಲ. ಬೆಕ್ಕು ಐವತ್ತು ಪೌಂಡ್ ಕೊಡಬೇಕಿತ್ತೋ ಏನೋ.

ಒಂದು ನಿಯಮಕ್ಕೆ ಮಾತ್ರ ನನ್ನ ಉದ್ದಂಡ ನಮಸ್ಕಾರ. ರಾಜಕಾರಣಿ, ಸೇನಾಧಿಪತಿಗಳ ಹೆಸರು ಇಡಬೇಕಾದರೆ ಅವರು ಸತ್ತು 100 ವರ್ಷ ಆಗಿರಬೇಕು. ಇದನ್ನು ನಮ್ಮ ಸರ್ಕಲ್‌ಗಳಿಗೆ, ಬಸ್ ಸ್ಟ್ಯಾಂಡ್‌ಗಳಿಗೆ ತಂದರೆ ಬೋರ್ಡ್ ಇಳಿಸುವುದಕ್ಕೇ ಒಂದು ಇಲಾಖೆ ಬೇಕಾದೀತು.

ಕ್ಷುದ್ರಗ್ರಹದ ಹೆಸರು ಈಗ ಮಾರಾಟಕ್ಕಿಲ್ಲ. ಒಳ್ಳೆಯದೇ. ಪಲೀಸಾ ಇವತ್ತು ಇದ್ದಿದ್ದರೆ ಬ್ಯಾರನ್ ಬಳಿ ಹೋಗುವ ಹಾಗಿಲ್ಲ, ಪ್ರಯಾಣ ಭತ್ಯೆಗೆ ಅರ್ಜಿ ಹಾಕಬೇಕು. ಅರ್ಜಿ ಮೂರು ಪ್ರತಿ. ಗ್ರಹಣ ಅಲ್ಲೇ ಯಾಕೆ ನೋಡಬೇಕು, ಇಲ್ಲಿಂದಲೇ ನೋಡಬಾರದೇ ಎಂದು ಒಂದು ಆಕ್ಷೇಪಣೆ. ಅದಕ್ಕೊಂದು ಸಮಜಾಯಿಷಿ. ಮಂಜೂರಾತಿ ಬರುವಷ್ಟರಲ್ಲಿ ಗ್ರಹಣ ಬಿಟ್ಟು, ಊರವರೆಲ್ಲ ಸ್ನಾನ ಮುಗಿಸಿ ಊಟಕ್ಕೆ ಕೂತಿರುತ್ತಾರೆ.