ಕಾಯುವುದೇ ಮದ್ದಲ್ಲ

ಸೆಲೆಕ್ಟಿವ್ ಮ್ಯೂಟಿಸಂ (ಮನೆಯಲ್ಲಿ ಮಾತನಾಡಿದರೂ ಶಾಲೆಯಂಥ ಕಡೆ ಆತಂಕದಿಂದ ಬಾಯಿಬಿಡಲಾಗದ ಸ್ಥಿತಿ) ಇರುವ ಮಕ್ಕಳು ಬೆಳೆದಂತೆ ತಾವಾಗಿಯೇ ಮಾತನಾಡುತ್ತಾರೆ, ಪೋಷಕರು ತಾಳ್ಮೆಯಿಂದ ಕಾದರೆ ಸಾಕು ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಒಪ್ಪಲಾರೆ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದ ನನ್ನ ಮಗಳು, ಬಾಟಲಿಯ ಮುಚ್ಚಳ ಬಿಗಿಯಾಗಿದೆ ಎಂದು ಟೀಚರಿಗೆ ಹೇಳಲಾಗದೆ, ಯುಕೆಜಿಯಲ್ಲಿ ಒಂದು ಇಡೀ ದಿನ ಬಾಯಾರಿ ಕುಳಿತು ಬಂದಿದ್ದಳು. ಹಾಗೆ ಕಾಯುತ್ತಲೇ ನಾವು ಎರಡು ವರ್ಷ ಕಳೆದುಕೊಂಡೆವು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿ ಈ ಸಮಸ್ಯೆಯನ್ನು ಆತಂಕದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಶಾಲೆಯ ಮೊದಲ ತಿಂಗಳಿಗಷ್ಟೇ ಸೀಮಿತವಾಗದೆ, ಕನಿಷ್ಠ ಒಂದು ತಿಂಗಳು ಈ ಮೌನ ಮುಂದುವರಿದಿರಬೇಕೆಂಬುದು ಕಾಯಿಲೆಯನ್ನು ಗುರುತಿಸಲು ಅದರ ಮಾನದಂಡ. ಅಂದರೆ ವರ್ಷಗಟ್ಟಲೆ ಕಾಯಬೇಕಿಲ್ಲ.

"ನೀನೇ ಮುದ್ದು ಮಾಡಿ ಕೆಡಿಸಿದೆ" ಎಂದು ನೆಂಟರಿಂದ ಕೇಳಿಸಿಕೊಳ್ಳುವ ತಾಯಿಗೆ ತಾಳ್ಮೆಯ ಉಪದೇಶಕ್ಕಿಂತ ಹೆಚ್ಚಾಗಿ, ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಹೇಳಿಕೊಡುವವರು ಬೇಕು. ನಮಗೆ ಮನಶ್ಶಾಸ್ತ್ರಜ್ಞೆಯೊಬ್ಬರು ಹೇಳಿಕೊಟ್ಟರು: ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ನಾನು ಮಗಳೊಂದಿಗೆ ಆಡುವುದು, ಟೀಚರು ಮೊದಲು ಬಾಗಿಲಾಚೆ ನಿಂತು, ದಿನಕ್ಕಿಷ್ಟು ಹತ್ತಿರ ಬರುವುದು, ಪ್ರಶ್ನೆ ಕೇಳಿದ ಮೇಲೆ ಐದು ಸೆಕೆಂಡು ಸುಮ್ಮನಿರುವುದು, ಅವಳ ಪರವಾಗಿ ನಾನು ಉತ್ತರಿಸದಿರುವುದು (ನನಗೆ ಅತ್ಯಂತ ಕಷ್ಟವಾದದ್ದು ಇದೇ). ಆರನೆಯ ವಾರ, ಟೀಚರು ಪಕ್ಕದಲ್ಲಿ ಕುಳಿತಿರುವಾಗಲೇ, ಬಣ್ಣದ ಕಡ್ಡಿ ಹಿಡಿದು ಅವಳು "ಕೆಂಪು" ಎಂದಳು.