ಗುಜರಿ ಫೋಟೊ ಕೊಳ್ಳುವವರೇ, ಕಟ್ಟು ಒಡೆಯಬೇಡಿ

ಫೇಸ್‌ಬುಕ್ಕಿನಲ್ಲಿ ಈಗೀಗ ಒಂದು ಬಗೆಯ ಪೋಸ್ಟ್ ಜಾಸ್ತಿ ಆಗಿದೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ ಕಪ್ಪು-ಬಿಳುಪು ಫೋಟೊ, ಮೇಲೆ "ಯಾರೋ ಏನೋ, ಈ ಕಣ್ಣುಗಳಲ್ಲಿ ಎಷ್ಟು ನೋವು!" ಅನ್ನೋ ಸಾಲು. ನೋವೂ ಇಲ್ಲ ಎಂಥದ್ದೂ ಇಲ್ಲ ಸ್ವಾಮಿ. ಮುಖಕ್ಕೆ ದೊಡ್ಡ ಬಲ್ಬು ಬಿಟ್ಟು, ಫೋಟೊಗ್ರಾಫರ್ "ಅಲುಗಾಡಬೇಡಿ" ಅಂದಿದ್ದಾನೆ, ಅವರು ಉಸಿರು ಹಿಡಿದು ಕೂತಿದ್ದಾರೆ. ಹಳೇ ಸ್ಟುಡಿಯೊ ಫೋಟೊಗಳಲ್ಲಿ ಎಲ್ಲರೂ ದುಃಖಿಗಳ ಹಾಗೆ ಕಾಣೋದು ಹೀಗೆ.

ಗುರುತಿಲ್ಲದವರ ಬದುಕು ಹೇಗಿತ್ತು ಅನ್ನೋ ಕುತೂಹಲ ತಪ್ಪಲ್ಲ. ನನ್ನ ತಕರಾರು ಇರೋದು ಆ ಒಂದೇ ಫೋಟೊವನ್ನು ಎತ್ತಿಕೊಂಡು ಬರೋದರ ಬಗ್ಗೆ. ಅದರ ಜೊತೆ ಅದೇ ಕಟ್ಟಿನಲ್ಲಿದ್ದ ಉಳಿದ ಮೂವತ್ತು ಎಲ್ಲಿ ಹೋದವು?

ಫೋಟೊ ಬೀದಿಗೆ ಬರೋ ದಾರಿ ಹೆಚ್ಚುಕಮ್ಮಿ ಒಂದೇ. ಹಳೇ ಮನೆ ಕೆಡವುತ್ತಾರೆ, ಇಲ್ಲ ಅಣ್ಣತಮ್ಮಂದಿರು ಪಾಲಾಗುತ್ತಾರೆ. ಪಾತ್ರೆಗೆ ಜಗಳ ಆಗುತ್ತದೆ, ಫೋಟೊಗೆ ಯಾರೂ ಬರುವುದಿಲ್ಲ. ಗುಜರಿಯವನಿಗೆ ಬೇಕಾದದ್ದು ತೇಗದ ಫ್ರೇಮು ಮತ್ತು ಗಾಜು. ಎರಡನ್ನೂ ಬಿಡಿಸಿಕೊಂಡು, ಹಿಂದಿನ ರಟ್ಟಿನ ಜೊತೆ ಫೋಟೊವನ್ನು ರದ್ದಿಗೆ ಹಾಕುತ್ತಾನೆ. ಆ ರಟ್ಟಿನ ಮೇಲೇ ಫ್ರೇಮು ಹಾಕಿಸಿದ ಅಂಗಡಿಯ ಚೀಟಿ ಇರುತ್ತದೆ, ಊರಿನ ಹೆಸರು ಇರುತ್ತದೆ. ಅಲ್ಲಿಂದ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಂಥ ಜಾಗಕ್ಕೆ ಬಂದಮೇಲೆ ಫೋಟೊಗಳ ಕಟ್ಟು ಎರಡನೇ ಸಲ ಒಡೆಯುತ್ತದೆ: ಕಾರು, ಯೂನಿಫಾರ್ಮು, ಚಂದದ ಹೆಂಗಸರು ಇರೋವು ಬೇರೆ ರೇಟು, ಉಳಿದದ್ದು ರಾಶಿ. ಮೂರನೇ ಸಲ ಒಡೆಯೋರು ನಾವು. ಚೆನ್ನಾಗಿರೋ ನಾಲ್ಕು ಆರಿಸಿಕೊಳ್ಳುತ್ತೇವೆ.

ವಿವಿಯನ್ ಮೇಯರ್ ಕತೆ ಬಹಳ ಜನಕ್ಕೆ ಗೊತ್ತು. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೆಲಸದಲ್ಲಿದ್ದಾಕೆ. ಬಾಡಿಗೆ ಕಟ್ಟದ ಕಾರಣಕ್ಕೆ 2007ರಲ್ಲಿ ಆಕೆ ಸಾಮಾನಿಟ್ಟಿದ್ದ ಗೋದಾಮಿನ ಪೆಟ್ಟಿಗೆಗಳು ಹರಾಜಾಗಿ, ನೆಗೆಟಿವ್‌ಗಳು ಬೇರೆಬೇರೆಯವರ ಪಾಲಾದವು. ಕೊಂಡವರಲ್ಲಿ ಒಬ್ಬರಾದ ಜಾನ್ ಮಲೂಫ್‌ಗೆ ತೆಗೆದವರು ಯಾರು ಅಂತ ತಿಳಿದದ್ದು 2009ರಲ್ಲಿ, ಆಕೆ ತೀರಿಕೊಂಡ ಸ್ವಲ್ಪ ದಿನಕ್ಕೆ. ಸಾವಿರಾರು ಚಿತ್ರ ಕೈಯಲ್ಲಿದ್ದರೂ ಹೆಸರು ಸಿಕ್ಕಿದ್ದು ಪೆಟ್ಟಿಗೆಯಲ್ಲಿದ್ದ ಒಂದು ಲ್ಯಾಬಿನ ಕವರಿನ ಮೇಲೆ. ಖಾಲಿ ಕವರು ಅಂತ ಯಾರಾದರೂ ಎಸೆದಿದ್ದರೆ ಮುಗೀತು.

ಹಾಗಾಗಿ ಕೊಂಡರೆ ಇಡೀ ಕಟ್ಟು ಕೊಳ್ಳಿ. ಕವರು, ರಟ್ಟು, ಬಟರ್ ಪೇಪರ್, ನಡುವೆ ಸಿಕ್ಕ ಲಗ್ನಪತ್ರಿಕೆ, ಬಸ್ ಟಿಕೆಟ್ಟು ಎಲ್ಲ ಸೇರಿಸಿ. ದಾರ ಬಿಚ್ಚೋ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ. ಬಿಚ್ಚಿದ ಮೇಲೆ ಇದ್ದ ಸಾಲಿನಲ್ಲೇ ಒಂದೊಂದಕ್ಕೂ ನಂಬರು: ಮೊದಲನೇ ಕಟ್ಟಾದರೆ ಕ-1, ಕ-2 ಹೀಗೆ. ಬರೆಯೋದು 2ಬಿ ಪೆನ್ಸಿಲ್ಲಿನಲ್ಲಿ, ಹಿಂಬದಿಯ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನಲ್ಲಿ ಬರೆದರೆ ಗೆರೆ ಮುಂದಕ್ಕೆ ಉಬ್ಬುತ್ತದೆ. ಬೆನ್ನು ಪ್ಲಾಸ್ಟಿಕ್ಕಿನ ಹಾಗಿರೋ ಕಲರ್ ಪ್ರಿಂಟಿಗೆ ಪೆನ್ಸಿಲ್ ಹತ್ತುವುದಿಲ್ಲ, ಜೆಲ್ ಪೆನ್ನು ಒರೆಸಿಕೊಂಡು ಮೇಲಿನ ಫೋಟೊಗೆ ಅಂಟುತ್ತದೆ. ಅಂಥದ್ದನ್ನು ಕವರಿಗೆ ಹಾಕಿ ಕವರಿನ ಮೇಲೆ ಬರೆಯಿರಿ.

ಈಗ ಬೆನ್ನು ಓದಿ. ಸ್ಟುಡಿಯೊ ಮೊಹರಿನಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು, ಯಾಕಂದರೆ ಪಿನ್ ಬಂದದ್ದೇ ಅಂದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರಿಗಿಂತ ಹಿಂದಿನ ಮೊಹರು. ಹಳೇ ಮೊಹರನ್ನೇ ನಾಲ್ಕು ವರ್ಷ ಒತ್ತಿದವರೂ ಇರಬಹುದು, ಲೆಕ್ಕಕ್ಕೆ ಅಷ್ಟು ಜಾಗ ಬಿಡಿ. ಕಾಗದದ ಮೇಲೆ ಅಗ್ಫಾ-ಗೇವರ್ಟ್ ಅಂತ ಎರಡೂ ಹೆಸರಿದ್ದರೆ ಆ ಕಂಪನಿಗಳು ಒಂದಾದ 1964ರ ನಂತರದ್ದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ "ಇಂದು" ಕಾಗದವಾದರೆ 1967ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಬೆನ್ನಿನ ಮೇಲೆ ಏನೂ ಕಾಣದಿದ್ದರೆ ಮುಂಬದಿಯ ಕೆಳಗಿನ ಮೂಲೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸಿಯಿಲ್ಲದೆ ಒತ್ತಿದ ಉಬ್ಬು ಮೊಹರು ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಇವೆಲ್ಲ ಹೇಳೋದು ಕಾಗದದ ವಯಸ್ಸು, ಚಿತ್ರದ ವಯಸ್ಸಲ್ಲ. ತಾತ ತೀರಿಕೊಂಡ ಮೇಲೆ ಯಾವುದೋ ಗ್ರೂಪ್ ಫೋಟೊದಿಂದ ಮುಖ ಎತ್ತಿ ದೊಡ್ಡದು ಮಾಡಿಸೋದು ನಮ್ಮಲ್ಲಿ ಮಾಮೂಲು. ನಕಲು ಹಿಡಿಯೋದು ಸುಲಭ: ಚಿತ್ರದಲ್ಲಿ ಮಡಿಕೆ ಕಾಣುತ್ತದೆ, ಬೆರಳಾಡಿಸಿದರೆ ಕಾಗದ ನುಣ್ಣಗಿರುತ್ತದೆ. ಭುಜದ ಹತ್ತಿರ ಇನ್ಯಾರದೋ ಕೈಯ ಚೂರು ಉಳಿದಿರುವುದೂ ಉಂಟು.

ಮುಂಬದಿಯಲ್ಲಿ ಮೋಸ ಹೋಗೋ ಜಾಗಗಳು ಹೆಚ್ಚು. ಕೋಟು-ಟೈ ನೋಡಿ ಸಾಹುಕಾರರು ಅಂದುಕೊಳ್ಳಬೇಡಿ, ಎಷ್ಟೋ ಸ್ಟುಡಿಯೊಗಳಲ್ಲಿ ಅದು ಮೊಳೆಗೆ ನೇತುಹಾಕಿರುತ್ತಿತ್ತು. ಒಂದೇ ಮೊಹರಿನ ಎರಡು ಫೋಟೊದಲ್ಲಿ ಬೇರೆಬೇರೆಯವರಿಗೆ ಅದೇ ಕೋಟು ಇದ್ದರೆ ಸಂಶಯವೇ ಬೇಡ (ನೋಡಿ, ಕಟ್ಟು ಉಳಿಸಿಕೊಂಡದ್ದಕ್ಕೆ ಇದು ತಿಳಿಯಿತು). ಹುಡುಗಿ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದರೆ ಅದು ಕಲೆ ಅಲ್ಲ, ಮೊಗ್ಗಿನ ಜಡೆ ಕಾಣಲಿ ಅಂತ. ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತವರ ಸುತ್ತ ಮನೆಮಂದಿಯೆಲ್ಲ ನಿಂತಿದ್ದರೆ "ಸನ್ಮಾನ" ಅಂತ ಬರೆದುಬಿಡಬೇಡಿ. ಕಣ್ಣು ನೋಡಿ, ತಲೆ ನೆಟ್ಟಗಿರಲಿ ಅಂತ ಬಟ್ಟೆ ಕಟ್ಟಿದೆಯಾ ನೋಡಿ, ಊದುಬತ್ತಿ ಇದೆಯಾ ನೋಡಿ. ಲಿಂಗಾಯತರಲ್ಲಂತೂ ತೀರಿಕೊಂಡವರನ್ನು ಕೂರಿಸೋದೇ ಪದ್ಧತಿ. ಬದುಕಿದ್ದಾಗ ತೆಗೆಸಿಕೊಳ್ಳದ ಎಷ್ಟೋ ಜನಕ್ಕೆ ಆವತ್ತಿನದೇ ಮೊದಲ ಫೋಟೊ.

ಇನ್ನು ಆ್ಯಪಿನಲ್ಲಿ ಬಣ್ಣ ಹಾಕೋ ಚಟ. ತೀರಾ ಹಳೇ ಗಾಜಿನ ಪ್ಲೇಟು, ಫಿಲಂಗಳಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಕುಂಕುಮ ಕಪ್ಪು ಬೊಟ್ಟಾಗಿ ಬರುತ್ತಿತ್ತು, ಕೆಂಪು ಸೀರೆ ಕಪ್ಪು ಸೀರೆ ಆಗುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಆ್ಯಪು ಈ ಕಪ್ಪನ್ನು ನಂಬಿ ಮದುವಣಗಿತ್ತಿಗೆ ಕಡುನೀಲಿ ಉಡಿಸುತ್ತದೆ.

ಕೆಡಿಸೋ ವಿಷಯಕ್ಕೆ ಬರೋಣ. ಫೋಟೊ ಮೇಲ್ಪದರ ಅಂದರೆ ಜೆಲಟಿನ್, ನೀರು ಕಂಡರೆ ಉಬ್ಬುತ್ತದೆ. ಬೂಷ್ಟು ಬಂದ ಫೋಟೊವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಮುಖವೂ ಬಟ್ಟೆಗೆ ಬರುತ್ತದೆ. ಮಲೆನಾಡು, ಕರಾವಳಿಯ ಕಟ್ಟುಗಳಲ್ಲಿ ಇದು ಖಾಯಂ. ನೆರಳಲ್ಲಿ ಗಾಳಿಗೆ ಪೂರ್ತಿ ಒಣಗಲು ಬಿಡಿ, ಆಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಶ್ಶಿನಲ್ಲಿ ಝಾಡಿಸಿ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಡಿ. ಒಂದಕ್ಕೊಂದು ಅಂಟಿದ ಎಂಬತ್ತು-ತೊಂಬತ್ತರ ದಶಕದ ಕಲರ್ ಪ್ರಿಂಟುಗಳನ್ನು ಮಾತ್ರ ತಣ್ಣನೆ ಶುದ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೋಡಬಹುದು. ತಾವಾಗಿ ಬಿಟ್ಟುಕೊಳ್ಳಬೇಕು, ಎಳೆಯಬಾರದು. ಕೈಯಲ್ಲಿ ಬಣ್ಣ ಹಚ್ಚಿದ್ದು, ಹಿಂದೆ ಶಾಯಿ ಬರಹ ಇರೋದು, ಬೂಷ್ಟು ಹಿಡಿದಿದ್ದು ನೀರಿಗೆ ಹೋಗಲೇಬಾರದು. ಅಂಟು ಹಾಳೆಯ ಆಲ್ಬಮ್ಮಿನಿಂದ ಬಿಡಿಸೋಕೆ ಹಲ್ಲಿನ ಸಂದಿಗೆ ಬಳಸೋ ಫ್ಲಾಸ್ ದಾರ ಸಾಕು, ಗರಗಸದ ಹಾಗೆ ನಿಧಾನಕ್ಕೆ ಆಡಿಸಬೇಕು. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ.

ಸ್ಕ್ಯಾನು ಎರಡೂ ಬದಿ. ಪೋಸ್ಟ್‌ಕಾರ್ಡ್ ಸೈಜಿಗೆ 600 ಡಿಪಿಐ, ಪಾಸ್‌ಪೋರ್ಟ್ ಸೈಜಿಗೆ 1200. ಬಿಸಿಲು ಬೀಳದ, ತೇವವಿಲ್ಲದ ಬೀರುವಿನ ನಡುವಿನ ಅರೆಯಲ್ಲಿಡಿ. ಅಟ್ಟ ಬೇಡ, ನೆಲ ಬೇಡ. ಹೊಸ ರೇನ್‌ಕೋಟಿನ ವಾಸನೆ ಬರೋ ಪಿವಿಸಿ ಕವರಿನಲ್ಲಿ ಇಟ್ಟರೆ ಕೆಲವು ವರ್ಷದಲ್ಲಿ ಅಂಟಿಕೊಳ್ಳುತ್ತದೆ.

ನೆಗೆಟಿವ್ ಸಿಕ್ಕರೆ ಬಿಡಬೇಡಿ, ಅದಕ್ಕೆ ಬೇರೆ ಗಿರಾಕಿಗಳಿದ್ದಾರೆ: ಫಿಲಮ್ಮಿನೊಳಗಿನ ಬೆಳ್ಳಿ ತೆಗೆಯುವವರು. ಬೀಜಿಂಗ್ ಹೊರವಲಯದಲ್ಲಿ ಹಾಗೆ ಬೆಳ್ಳಿಗೆಂದು ರಾಶಿ ಬಿದ್ದ ನೆಗೆಟಿವ್‌ಗಳನ್ನು ತೋಮಾ ಸೋವಾಂ ಎಂಬ ಫ್ರೆಂಚ್ ಸಂಗ್ರಾಹಕರು 2009ರಿಂದ ಕಿಲೋ ಲೆಕ್ಕದಲ್ಲಿ ಕೊಂಡರು, ಐದು ಲಕ್ಷಕ್ಕೂ ಹೆಚ್ಚು ಚಿತ್ರ ಉಳಿದವು. ಅವರು ಆರಿಸಲಿಲ್ಲ, ಮೂಟೆ ಮೂಟೆಯೇ ಕೊಂಡರು. ಅದಕ್ಕೇ ಅಲ್ಲಿ ಒಂದು ಕಾಲದ ಜನ ಫ್ರಿಜ್ಜಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು ಅನ್ನೋದು ಕಣ್ಣಿಗೆ ಬಿತ್ತು. ಒಂದೇ ಫೋಟೊ ಆಗಿದ್ದರೆ ಯಾರೋ ಒಬ್ಬಾಕೆ, ಯಾವುದೋ ಫ್ರಿಜ್ಜು.

ಫೇಸ್‌ಬುಕ್ಕಿಗೆ ಹಾಕೋದು ವಾರಸುದಾರರು ಸಿಗಲಿ ಅಂತಾದರೆ ಒಂದೇ ಫೋಟೊ ಹಾಕಿ. ಊರು, ಸ್ಟುಡಿಯೊ, ಸುಮಾರು ದಶಕ ಬರೆಯಿರಿ. ವಿಳಾಸ, ಫೋನ್ ನಂಬರು ಮುಚ್ಚಿ. ಮಕ್ಕಳ ಸ್ನಾನದ ಫೋಟೊ, ಸಾವಿನ ಫೋಟೊ ಹಾಕಬೇಡಿ. ದುಡ್ಡು ಕೊಟ್ಟಿದ್ದೀರಿ ನಿಜ, ಅದರಿಂದ ಕಾಗದ ನಿಮ್ಮದಾಯಿತು, ಚಿತ್ರದ ಹಕ್ಕು ಆಗಲಿಲ್ಲ. ಬೆನ್ನಿನ ಬರಹದಲ್ಲಿ ಒಂದು ವಿವರ ಹೇಳದೆ ಉಳಿಸಿಕೊಳ್ಳಿ. "ನಮ್ಮಜ್ಜಿ" ಅಂತ ಇಬ್ಬರು ಬಂದರೆ ಅದನ್ನೇ ಕೇಳಿ.

ನಿಜವಾದ ಮೊಮ್ಮಗ ಸಿಕ್ಕಾಗ ಅವರು ಕುಣಿದಾಡುತ್ತಾರೆ ಅಂತೇನೂ ಇಲ್ಲ. "ಗೊತ್ತು ಸಾರ್, ನಾವೇ ಗುಜರಿಗೆ ಹಾಕಿದ್ದು" ಅನ್ನಲೂಬಹುದು. ಯಾಕೆ ಅಂತ ಕೇಳೋದು ನಮ್ಮ ಕೆಲಸ ಅಲ್ಲ. ಪೋಸ್ಟ್ ಅಳಿಸಿ, ನಂಬರಿನ ಸಾಲಿನಲ್ಲೇ ಜೋಡಿಸಿ, ಬಂದ ದಾರದಲ್ಲೇ ಮತ್ತೆ ಕಟ್ಟಿ ಒಳಗಿಡಿ.